ಸುವಾರ್ತೆಗಳ ಮೂಲವನ್ನು ಕನ್ನಡದಲ್ಲಿ ಕಲಿಸುವ ಬೀದರಿನ ತರಗತಿ: ಒಂದು ವಿಮರ್ಶೆ

ಬೀದರಿನಲ್ಲಿ ಭಾನುವಾರದ ಆರಾಧನೆ ಮುಗಿದ ಮೇಲೆ ಮಧ್ಯಾಹ್ನ ನಡೆಯುವ ಈ ಅಧ್ಯಯನ ತರಗತಿಯ ವಿಷಯ ಎರಡು ಪ್ರಶ್ನೆಗಳಲ್ಲಿ ಅಡಗಿದೆ. ಯೇಸುವಿನ ಜೀವನವನ್ನೂ ಬೋಧನೆಯನ್ನೂ ಹೇಳುವ ಬೈಬಲಿನ ಸುವಾರ್ತೆಗಳನ್ನು ಬರೆದವರು ಯಾವ ಮೂಲಗಳನ್ನು ಮುಂದಿಟ್ಟುಕೊಂಡು ಬರೆದರು? ಮೊದಲು ಯಾವ ಭಾಷೆಯಲ್ಲಿ ಬರೆದರು? ಇದನ್ನು ಕ್ರಮವಾಗಿ ಕಲಿಯಬೇಕೆಂದರೆ ನಮ್ಮ ಕಡೆಯವರು ದೂರದ ಥಿಯಾಲಜಿ ಕಾಲೇಜುಗಳಿಗೆ ಹೋಗಿ, ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಪಾಠ ಕೇಳಬೇಕು. ಮೆಥೊಡಿಸ್ಟ್ ಸಭೆ ಆಳವಾಗಿ ಬೇರೂರಿರುವ ಬೀದರಿನಲ್ಲಿ, ಹೊಲಮನೆಯ ಕೆಲಸ ಮಾಡುವವರಿಂದ ಹಿಡಿದು ನಿವೃತ್ತ ಶಿಕ್ಷಕರವರೆಗೆ ಎಲ್ಲರೂ ಕುಳಿತು ಕೇಳುವಂತೆ ಅದನ್ನು ಕನ್ನಡದಲ್ಲಿ ಹೇಳುತ್ತಿರುವುದು ಸಣ್ಣ ಕೆಲಸವಲ್ಲ. ಒಂದು ಸರಣಿಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ ಮೇಲೆ ಹೇಳುತ್ತೇನೆ: ಮೂಲಗಳ ಭಾಗ ಬಹಳ ಚೆನ್ನಾಗಿದೆ, ಭಾಷೆಯ ಭಾಗವನ್ನು ತಿದ್ದಬೇಕಾಗಿದೆ.

ತರಗತಿಯ ಜೀವಾಳವೆಂದರೆ ಅವರು ಕೊಡುವ ಸ್ಪೈರಲ್ ಬೈಂಡಿಂಗಿನ ಪುಸ್ತಿಕೆ. ಪ್ರತಿ ಪುಟದಲ್ಲಿ ಮೂರು ಕಾಲಂಗಳಿದ್ದು, ಮತ್ತಾಯ, ಮಾರ್ಕ, ಲೂಕರಲ್ಲಿ ಒಂದೇ ಪ್ರಸಂಗ ಬರುವ ಭಾಗಗಳನ್ನು ಅಕ್ಕಪಕ್ಕ ಅಚ್ಚು ಹಾಕಿದ್ದಾರೆ. ಕನ್ನಡ ಸಾಲಿನ ಕೆಳಗೆ ಗ್ರೀಕ್ ಪಾಠವನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದಾರೆ. ಈ ಎರಡನೆಯ ಸಾಲು ಅಲಂಕಾರಕ್ಕಾಗಿ ಇರುವುದಲ್ಲ. ಗ್ರೀಕಿನಲ್ಲಿ ಒಂದೇ ಆಗಿರುವ ಪದವನ್ನು ಅನುವಾದಕರು ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ಕನ್ನಡಿಸಿರಬಹುದು. ಬರೀ ಕನ್ನಡವನ್ನು ಹೋಲಿಸುವವನಿಗೆ ಇಲ್ಲದ ವ್ಯತ್ಯಾಸ ಕಂಡೀತು, ಇರುವ ವ್ಯತ್ಯಾಸ ಮರೆಯಾದೀತು.

ಉದಾಹರಣೆಗೆ ಕಪೆರ್ನೌಮಿನ ಜನ ರೋಗಿಗಳನ್ನು ಯೇಸುವಿನ ಬಳಿಗೆ ಕರೆತಂದ ಪ್ರಸಂಗ. ಅದು ನಡೆದ ಹೊತ್ತನ್ನು ಮಾರ್ಕ ಎರಡು ಸಲ ಹೇಳುತ್ತಾನೆ: ಸಂಜೆಯಾದಾಗ, ಸೂರ್ಯ ಮುಳುಗಿದಾಗ. ಮತ್ತಾಯನಲ್ಲಿ ‘ಸಂಜೆಯಾದಾಗ’ ಎಂಬುದಷ್ಟೇ ಇದೆ, ಅದೂ ಮಾರ್ಕನ ಪದಗಳಲ್ಲಿಯೇ: ‘ಒಪ್ಸಿಯಾಸ್ ದೆ ಗೆನೊಮೆನೇಸ್’. ಲೂಕನಲ್ಲಿ ಸೂರ್ಯ ಮುಳುಗುವ ಮಾತು ಮಾತ್ರ ಇದೆ. ಅಧ್ಯಾಪಕರು ಉತ್ತರ ಹೇಳದೆ ಬಣ್ಣದ ಪೆನ್ಸಿಲ್ ಕೊಟ್ಟು, ಯಾವ ಪದ ಯಾರಲ್ಲಿದೆ ಎಂದು ಗುರುತು ಮಾಡಿಸಿದರು. ಆಮೇಲೆ ಕೇಳಿದರು: ಮಾರ್ಕನು ಇಬ್ಬರ ಮಾತನ್ನೂ ಸೇರಿಸಿಕೊಂಡನೇ, ಇಲ್ಲವೇ ಮಾರ್ಕನ ಜೋಡಿ ಮಾತಿನಿಂದ ಆ ಇಬ್ಬರೂ ಒಂದೊಂದನ್ನು ಆರಿಸಿಕೊಂಡರೇ? ಕೋಣೆ ಎರಡು ಪಕ್ಷವಾಯಿತು. ಎರಡೂ ಪಕ್ಷಗಳಿಗೆ ವಿದ್ವತ್ತಿನ ಚರಿತ್ರೆಯಲ್ಲಿ ಗಟ್ಟಿ ವಕೀಲರಿದ್ದಾರೆ ಎಂಬುದನ್ನು ಅವರು ಆಮೇಲೆ ತಿಳಿಸಿದ್ದು ನನಗೆ ಬಹಳ ಹಿಡಿಸಿತು.

ಮಾರ್ಕನು ಮತ್ತಾಯನನ್ನು ಸಂಕ್ಷೇಪಿಸಿದನೆಂದು ಕ್ರಿ.ಶ. ಸುಮಾರು 400ರ ಹೊತ್ತಿಗೆ ಕ್ರೈಸ್ತ ಧರ್ಮಪಂಡಿತ ಅಗಸ್ಟೀನ್ ಹೇಳಿದ್ದರು. ಮಾರ್ಕನು ಮತ್ತಾಯ, ಲೂಕ ಇಬ್ಬರನ್ನೂ ಬಳಸಿ ಕೊನೆಗೆ ಬರೆದನೆಂದು 18ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಗ್ರೀಸ್‌ಬಾಖ್ ವಾದಿಸಿದರು. ಆ ವಾದವನ್ನು 1964ರಲ್ಲಿ ಅಮೆರಿಕದ ವಿಲಿಯಂ ಫಾರ್ಮರ್ ಮತ್ತೆ ಎತ್ತಿದರು. ಇದಕ್ಕೆ ಎದುರಾಗಿ, ಮಾರ್ಕನೇ ಮೊದಲು, ಅವನ ಜೊತೆಗೆ ಯೇಸುವಿನ ಮಾತುಗಳ ಇನ್ನೊಂದು ಸಂಗ್ರಹ ಮತ್ತಾಯ ಮತ್ತು ಲೂಕರ ಕೈಯಲ್ಲಿತ್ತು ಎಂದು 1838ರಲ್ಲಿ ವೈಸೆ ಹೇಳಿದರು, 1863ರಲ್ಲಿ ಹೋಲ್ಟ್ಸ್‌ಮನ್ ಅದನ್ನು ಬಲಪಡಿಸಿದರು. ‘ಮೂಲ’ ಎನ್ನುವ ಜರ್ಮನ್ ಪದದ ಮೊದಲ ಅಕ್ಷರದಿಂದ ಆ ಸಂಗ್ರಹಕ್ಕೆ ‘ಕ್ಯೂ’ ಎಂಬ ಹೆಸರು ಬಂತು. ಮಾರ್ಕನ ಸುಮಾರು 660 ವಚನಗಳಲ್ಲಿ 600ಕ್ಕೂ ಹೆಚ್ಚಿನವುಗಳ ಸಾರ ಮತ್ತಾಯನಲ್ಲಿದೆ. ಹಾಗಾದರೆ ಮಾರ್ಕನೇ ಕೊನೆಯವನಾಗಿದ್ದರೆ, ಪರ್ವತಪ್ರಸಂಗವನ್ನೂ ಪ್ರಭುವಿನ ಪ್ರಾರ್ಥನೆಯನ್ನೂ ಬಿಟ್ಟು, ಉಳಿದದ್ದನ್ನೇ ಇನ್ನಷ್ಟು ಒರಟಾದ ಗ್ರೀಕಿನಲ್ಲಿ ಮತ್ತೆ ಬರೆಯುವ ಅಗತ್ಯವೇನಿತ್ತು ಎಂಬ ಪ್ರಶ್ನೆಗೆ ತೃಪ್ತಿಕರ ಉತ್ತರ ಸಿಗುವುದು ಕಷ್ಟ. ನಾನು ಮಾರ್ಕನೇ ಮೊದಲು ಎನ್ನುವ ಪಕ್ಷಕ್ಕೆ ಸೇರಿದ್ದು ಇದರಿಂದಲೇ.

ಕ್ಯೂ ಕುರಿತ ಪಾಠವೂ ಪುಸ್ತಿಕೆಯ ಬಲದಿಂದಲೇ ಗೆದ್ದಿತು. ಸ್ನಾನಿಕನಾದ ಯೋಹಾನನು ‘ಸರ್ಪಜಾತಿಯವರೇ’ ಎಂದು ಗದರಿಸುವ ಮಾತು ಮಾರ್ಕನಲ್ಲಿ ಇಲ್ಲ. ಮತ್ತಾಯ ಮೂರನೆಯ ಅಧ್ಯಾಯದಲ್ಲೂ ಲೂಕ ಮೂರನೆಯ ಅಧ್ಯಾಯದಲ್ಲೂ ಅದು ಗ್ರೀಕಿನಲ್ಲಿ ಹೆಚ್ಚುಕಡಿಮೆ ಅಕ್ಷರಶಃ ಒಂದೇ. ಒಬ್ಬನಲ್ಲಿ ‘ಫಲ’ ಏಕವಚನವಾದರೆ ಇನ್ನೊಬ್ಬನಲ್ಲಿ ಬಹುವಚನ. ಒಬ್ಬನು ‘ಅಂದುಕೊಳ್ಳಬೇಡಿರಿ’ ಎಂದ ಕಡೆ ಇನ್ನೊಬ್ಬನು ‘ಹೇಳಿಕೊಳ್ಳಲು ತೊಡಗಬೇಡಿರಿ’ ಎನ್ನುತ್ತಾನೆ. ಉಳಿದ ಬಹುಪಾಲು ಪದಗಳೂ ಅವುಗಳ ಕ್ರಮವೂ ಹೊಂದಿಕೊಳ್ಳುತ್ತವೆ. ಯೇಸುವಿನ ನಾಡಿನ ಜನ ಆಡುತ್ತಿದ್ದ ಅರಾಮಿಕ್ ಭಾಷೆಯ ಒಂದೇ ಮಾತನ್ನು ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಿದ್ದರೆ ಈ ಮಟ್ಟದ ಸಾಮ್ಯ ಬರುವುದಿಲ್ಲ; ಇಬ್ಬರ ನಡುವೆ ಗ್ರೀಕಿನಲ್ಲಿಯೇ ಬರೆದ ಪಾಠವೊಂದರ ಸಂಬಂಧ ಇದ್ದೇ ಇರಬೇಕು. ಕಾಲಂಗಳನ್ನು ಬೆರಳಿಟ್ಟು ಓದಿದ ಯಾರಿಗೂ ಇದು ಮರೆಯುವಂಥದ್ದಲ್ಲ.

ಆದರೆ ಕ್ಯೂ ಬೇಡವೇ ಬೇಡ ಎನ್ನುವವರ ವಾದಕ್ಕೆ ತರಗತಿ ನ್ಯಾಯ ಒದಗಿಸಲಿಲ್ಲ. ಲೂಕನು ಮತ್ತಾಯನನ್ನೇ ಓದಿದ್ದನೆಂದು ಒಪ್ಪಿದರೆ ಕಾಣದ ಗ್ರಂಥವೊಂದನ್ನು ಊಹಿಸುವ ಅಗತ್ಯವಿಲ್ಲವೆಂದು 1955ರಲ್ಲಿ ಇಂಗ್ಲೆಂಡಿನ ಆಸ್ಟಿನ್ ಫ್ಯಾರರ್ ಬರೆದರು. ಇಂದಿಗೂ ಗಂಭೀರ ವಿದ್ವಾಂಸರು ಆ ಪಕ್ಷದಲ್ಲಿದ್ದಾರೆ. ಯೇಸುವಿನ ಮುಖಕ್ಕೆ ಮುಸುಕು ಹಾಕಿ ಹೊಡೆಯುವಾಗ ‘ಪ್ರವಾದನೆ ಹೇಳು’ ಎಂಬಲ್ಲಿಗೆ ಮಾರ್ಕ ನಿಲ್ಲಿಸುತ್ತಾನೆ. ಮತ್ತಾಯ ಮತ್ತು ಲೂಕರಲ್ಲಿ ‘ನಿನ್ನನ್ನು ಹೊಡೆದವನು ಯಾರು’ ಎಂಬ ಗ್ರೀಕಿನ ಅದೇ ಐದು ಪದಗಳು ಇವೆ. ಇವರಿಬ್ಬರೂ ಒಬ್ಬರನ್ನೊಬ್ಬರು ಕಾಣದೆ ಮಾರ್ಕನನ್ನು ಮಾತ್ರ ಬಳಸಿದ್ದರೆ ಈ ಐದು ಪದ ಎಲ್ಲಿಂದ ಬಂದವು? ಈ ಪ್ರಸಂಗ ಪುಸ್ತಿಕೆಯಲ್ಲಿ ಇದೆ, ಆದರೆ ಬಣ್ಣ ಹಚ್ಚಿಸದೆ ಪುಟ ತಿರುಗಿಸಿಬಿಟ್ಟರು. ಅದರ ಬದಲಿಗೆ, 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಸಿಕ್ಕ, 114 ಮಾತುಗಳ ಕಾಪ್ಟಿಕ್ ಭಾಷೆಯ ತೋಮನ ಸುವಾರ್ತೆಯನ್ನು ಕ್ಯೂ ಇದ್ದಿತೆನ್ನಲು ಆಧಾರವಾಗಿ ತೋರಿಸಿದರು. ಬರೀ ಮಾತುಗಳ ಸಂಗ್ರಹದಂಥ ಗ್ರಂಥಗಳು ಆ ಕಾಲದಲ್ಲಿ ಇದ್ದವೆಂಬುದು ಅದರಿಂದ ಸಿದ್ಧವಾಗುತ್ತದೆಯೇ ಹೊರತು ಕ್ಯೂ ಇತ್ತೆಂಬುದು ಸಿದ್ಧವಾಗುವುದಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಬಸವಕಲ್ಯಾಣದ ಕಡೆಯಿಂದ ಬರುತ್ತಿದ್ದ ವಚನ ಸಾಹಿತ್ಯದ ವಿದ್ಯಾರ್ಥಿಯೊಬ್ಬರು ಶೂನ್ಯಸಂಪಾದನೆಯ ವಿಷಯ ಎತ್ತಿದರು. ಬಿಡಿಬಿಡಿಯಾಗಿ ಹರಿದು ಬಂದ ಶರಣರ ವಚನಗಳನ್ನು 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಸಂವಾದದ ಕಥನವಾಗಿ ಪೋಣಿಸಿದರು; ಮುಂದೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಅದನ್ನು ಪರಿಷ್ಕರಿಸಿ, ಸೇರಿಸಿ, ಹೊಸ ಕ್ರಮಕ್ಕೆ ತಂದರು. ನಾಲ್ಕು ಸಂಪಾದನೆಗಳು ಒಂದನ್ನೊಂದು ಹೇಗೆ ಬಳಸಿಕೊಂಡಿವೆ ಎಂಬುದನ್ನು ಕನ್ನಡ ವಿದ್ವಾಂಸರು ಭಕ್ತಿಗೆ ಧಕ್ಕೆಯಿಲ್ಲದೆ ಚರ್ಚಿಸಿದ್ದಾರೆ. ಹಾಗಿರುವಾಗ ಸುವಾರ್ತೆಗಳ ಮೂಲ ಹುಡುಕಿದರೆ ನಂಬಿಕೆ ಕೆಡುತ್ತದೆಂಬ ಅಂಜಿಕೆ ಯಾಕೆ ಎಂದು ಅವರು ಕೇಳಿದಾಗ ಹಿಂದಿನ ಸಾಲಿನ ಹಿರಿಯರೂ ತಲೆದೂಗಿದರು. ಅಧ್ಯಾಪಕರು ಅದರ ಮಿತಿಯನ್ನೂ ಹೇಳಿದರು: ಶರಣರು ಆಡಿದ ಭಾಷೆಯಲ್ಲಿಯೇ ಸಂಪಾದನೆಗಳಿವೆ, ಯೇಸುವಿನ ವಿಷಯದಲ್ಲಿ ಹಾಗಲ್ಲ.

ಈ ‘ಹಾಗಲ್ಲ’ ಎಂಬುದನ್ನೇ ಬಿಡಿಸಿ ಹೇಳಬೇಕಿದ್ದ ಭಾಷೆಯ ಪಾಠ ದಾರಿ ತಪ್ಪಿತು. ಅಂದು ಅತಿಥಿಯಾಗಿ ಬಂದವರು, ಯೇಸು ಅರಾಮಿಕ್ ಆಡಿದ್ದರಿಂದ ಸುವಾರ್ತೆಗಳನ್ನೂ ಅರಾಮಿಕ್‌ನಲ್ಲಿಯೇ ಬರೆದಿರಬೇಕು, ಸಿರಿಯಾಕ್ ಬೈಬಲಾದ ಪೆಶಿತ್ತಾ ಆ ಮೂಲವೇ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಯೇಸು ಯಾವ ಭಾಷೆ ಆಡಿದನೆಂಬುದು ಒಂದು ಪ್ರಶ್ನೆ, ಸುವಾರ್ತೆಗಳನ್ನು ಯಾವ ಭಾಷೆಯಲ್ಲಿ ಬರೆದರೆಂಬುದು ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ ಅರಾಮಿಕ್ ಎಂದು ಬಹುತೇಕ ಎಲ್ಲ ವಿದ್ವಾಂಸರೂ ಒಪ್ಪುತ್ತಾರೆ. ಆದರೆ ‘ತಲಿಥಾ ಕೂಮ್’, ‘ಎಫ್ಫಥಾ’, ‘ಅಬ್ಬಾ’ ಎಂಬ ಮಾತುಗಳು ಬಂದಾಗಲೆಲ್ಲ ಮಾರ್ಕನು ನಿಂತು ಅರ್ಥ ಹೇಳುತ್ತಾನೆ. ಅವನ ಓದುಗರಿಗೆ ಅರಾಮಿಕ್ ಬಾರದು, ಅವನು ಬರೆಯುತ್ತಿರುವುದು ಗ್ರೀಕಿನಲ್ಲಿ. ಶಿಲುಬೆಯ ಮೇಲಿನ ಕೂಗನ್ನು ಮಾರ್ಕ 15ರಲ್ಲಿ ಪೆಶಿತ್ತಾ ಕೂಡ ಒಮ್ಮೆ ಹೇಳಿ ‘ಅಂದರೆ’ ಎಂದು ಮತ್ತೆ ಸಿರಿಯಾಕ್‌ನಲ್ಲಿಯೇ ವಿವರಿಸುತ್ತದೆ. ಅದೇ ಮೂಲವಾಗಿದ್ದರೆ ಆ ವಿವರಣೆಗೆ ಅಲ್ಲಿ ಕೆಲಸವೇ ಇರುತ್ತಿರಲಿಲ್ಲ. ಅದು ಗ್ರೀಕಿನಿಂದ ಬಂದ ಅನುವಾದ ಎನ್ನಲು ಇದಕ್ಕಿಂತ ಸರಳವಾದ ಸಾಕ್ಷಿ ಬೇಕಿಲ್ಲ. ಸಿರಿಯಾಕ್ ಎಂಬುದು ಎದೆಸ್ಸಾ ಭಾಗದ ಅರಾಮಿಕ್, ಯೇಸುವಿನ ಊರಕಡೆಯಾದ ಗಲಿಲಾಯದ ಆಡುಮಾತಲ್ಲ ಎಂಬುದನ್ನೂ ಅಂದು ಯಾರೂ ಹೇಳಲಿಲ್ಲ.

ಅದರ ಮುಂದಿನ ವಾರ ನಿವೃತ್ತ ಶಿಕ್ಷಕಿಯೊಬ್ಬರು ಎದ್ದು ನಿಂತು, “ಮತ್ತಾಯ ಇಬ್ರಿಯದಾಗ ಬರದಾನ ಅಂತ ನಮ್ಮ ಹಿರೇರು ಹೇಳ್ತಿದ್ರು, ಅದು ಸುಳ್ಳೇನ್ರೀ ಸರ್?” ಎಂದು ಕೇಳಿದರು. ಅಧ್ಯಾಪಕರು ಕೊಟ್ಟ ಉತ್ತರವೇ ಇಡೀ ಸರಣಿಯ ಒಳ್ಳೆಯ ಪಾಠ. ಹಿರಿಯರ ಆ ಮಾತಿನ ಬೇರು 2ನೇ ಶತಮಾನದ ಆರಂಭದಲ್ಲಿ ಹೈರಾಪೊಲಿಸ್‌ನ ಬಿಷಪರಾಗಿದ್ದ ಪಪಿಯಾಸರದು. ಅವರ ಗ್ರಂಥ ಉಳಿದಿಲ್ಲ. ಸಭೆಯ ಚರಿತ್ರೆ ಬರೆದ ಯುಸೇಬಿಯಸ್ 4ನೇ ಶತಮಾನದಲ್ಲಿ ಉದ್ಧರಿಸಿದ ತುಣುಕು ಉಳಿದಿದೆ. ಮತ್ತಾಯನು ‘ಲೋಗಿಯಾ’ವನ್ನು, ಎಂದರೆ ಪ್ರಭುವಿನ ಮಾತುಗಳನ್ನು, ಇಬ್ರಿಯ (ಹೀಬ್ರೂ) ಭಾಷೆಯಲ್ಲಿ ಒಟ್ಟುಗೂಡಿಸಿದನು, ತಮತಮಗೆ ಆದಂತೆ ಜನ ಅದರ ಅರ್ಥ ಮಾಡಿಕೊಂಡರು ಎಂಬಷ್ಟೇ ಅದರಲ್ಲಿದೆ. ನಮ್ಮ ಕೈಯಲ್ಲಿರುವ ಮತ್ತಾಯ ಮಾರ್ಕನ ಗ್ರೀಕನ್ನು ಪದಪದವಾಗಿ ಹಿಂಬಾಲಿಸುವುದರಿಂದ ಅದನ್ನು ಇಬ್ರಿಯದ ನೇರ ಅನುವಾದವೆನ್ನಲಾಗದು. ಆದರೆ ಪಪಿಯಾಸರು ಹೇಳಿದ್ದು ಈ ಗ್ರಂಥವನ್ನಲ್ಲದೆ ಅದಕ್ಕಿಂತ ಹಳೆಯ ಮಾತುಗಳ ಸಂಗ್ರಹವೊಂದನ್ನು ಕುರಿತಾಗಿರಬಹುದು. “ಸುಳ್ಳಲ್ಲಮ್ಮಾ, ಅವರು ಕೇಳಿದ್ದನ್ನು ಹೇಳಿದ್ದಾರೆ, ಯಾವ ಪುಸ್ತಕದ ಬಗ್ಗೆ ಎಂಬುದನ್ನು ನಾವು ಪರೀಕ್ಷಿಸಬೇಕು” ಎಂದರು. ಹಿರಿಯರ ಮಾತಿಗೆ ಗೌರವವೂ ಉಳಿಯಿತು, ಸಾಕ್ಷ್ಯದ ತೂಕವೂ ಉಳಿಯಿತು.

ಉಳಿದ ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶುಲ್ಕವಿಲ್ಲ, ಪುಸ್ತಿಕೆಯ ಜೆರಾಕ್ಸ್ ಖರ್ಚು ಕೊಟ್ಟರೆ ಸಾಕು. ಗ್ರೀಕ್ ಸಾಲಿನ ಅಕ್ಷರ ತೀರ ಸಣ್ಣದು, ವಯಸ್ಸಾದವರಿಗೆ ಓದಲಾಗುವುದಿಲ್ಲ. ಯೋಹಾನನ ಸುವಾರ್ತೆಗೆ ಕೊಟ್ಟ ಸಮಯ ಸಾಲದು. ಕನ್ನಡ ಓದಲು ಬಂದರೆ ಸಾಕು, ಗ್ರೀಕ್ ಗೊತ್ತಿರಬೇಕಿಲ್ಲ. ಬೇರೆ ಸಭೆಯವರೂ ಬೇರೆ ಧರ್ಮದವರೂ ಸಂಕೋಚವಿಲ್ಲದೆ ಕೂರಬಹುದು. ಕಲಬುರಗಿ, ಯಾದಗಿರಿ ಕಡೆಯ ಸಭಾಪಾಲಕರು ಮತ್ತು ಸಂಡೇ ಸ್ಕೂಲ್ ಶಿಕ್ಷಕರು ಮುಂದಿನ ಸರಣಿಗೆ ಅಗತ್ಯವಾಗಿ ಬರಬೇಕು. ಸಂಘಟಕರಲ್ಲಿ ನನ್ನ ವಿನಂತಿ ಎರಡು: ಭಾಷೆಯ ಪಾಠವನ್ನು ಅತಿಥಿಗಳಿಗೆ ಬಿಡದೆ ನಿಮ್ಮ ಅಧ್ಯಾಪಕರಿಂದಲೇ ಮಾಡಿಸಿರಿ, ಮತ್ತು ಫ್ಯಾರರ್ ಪಕ್ಷಕ್ಕೆ ಪೂರ್ತಿ ಒಂದು ಮಧ್ಯಾಹ್ನ ಕೊಡಿರಿ.