ಕಕ್ಕಬ್ಬೆ ಕಡೆ ಹೋಂಸ್ಟೇ: ಕೊಡಗು ನೋಡೋಕೆ ಮಡಿಕೇರಿಲೇ ಉಳ್ಕೋಬೇಕು ಅಂತೇನಿಲ್ಲ

ಮೊದಲೇ ಹೇಳ್ಬಿಡ್ತೀನಿ, ಕೊಡಗಿನ ಪಶ್ಚಿಮದ ಅಂಚಲ್ಲಿರೋ ಕಕ್ಕಬ್ಬೆ ಅನ್ನೋ ಊರಿನ ಕಡೆಯ ಈ ಹೋಂಸ್ಟೇ ನಮಗೆ ತುಂಬಾ ಇಷ್ಟ ಆಯ್ತು, ಮತ್ತೆ ಹೋದ್ರೂ ಇಲ್ಲೇ ಉಳ್ಕೊಳ್ಳೋದು. ಆದ್ರೆ ಎಲ್ಲರಿಗೂ ಸೂಟ್ ಆಗೋ ಜಾಗ ಅಲ್ಲ. ಸ್ವಿಮ್ಮಿಂಗ್ ಪೂಲ್, ಡಿಜೆ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ರೆ ಊಟ ತಂದುಕೊಡೋ ರೂಮ್ ಸರ್ವೀಸ್ ಬೇಕು ಅನ್ನೋರು ಬೇರೆ ಕಡೆ ನೋಡ್ಕೊಳ್ಳಿ.

ಬಹಳ ಜನ ಏನ್ಮಾಡ್ತಾರೆ ಅಂದ್ರೆ ಮಡಿಕೇರಿ ಪೇಟೇಲಿ ರೂಮ್ ಹಾಕ್ತಾರೆ, ಒಂದೇ ವೀಕೆಂಡಲ್ಲಿ ಅಬ್ಬಿ ಫಾಲ್ಸ್, ರಾಜಾಸೀಟ್, ಮಾಂದಲಪಟ್ಟಿ ಜೀಪು, ತಲಕಾವೇರಿ, ದುಬಾರೆ, ನಿಸರ್ಗಧಾಮ ಎಲ್ಲಾ ಮುಗಿಸ್ಬೇಕು ಅಂತ ಓಡಾಡ್ತಾರೆ, ಟೈಮೆಲ್ಲಾ ಕಾರಲ್ಲೇ ಹೋಗತ್ತೆ. ಕೊಡಗು ಸಣ್ಣ ಜಿಲ್ಲೆ ನಿಜ, 4,102 ಚದರ ಕಿಲೋಮೀಟರ್ ಅಷ್ಟೇ, ಆದ್ರೆ ರಸ್ತೆ ಪೂರ್ತಿ ತಿರುವು, ಮ್ಯಾಪಲ್ಲಿ ಹತ್ರ ಕಾಣೋದು ಗಾಡೀಲಿ ಹತ್ರ ಇರಲ್ಲ. ನಮ್ಮ ಹೋಂಸ್ಟೇ ಅಂಕಲ್ ಬುಕಿಂಗ್ ಮಾಡೋವಾಗ್ಲೇ ಫೋನಲ್ಲಿ ಇದನ್ನೇ ಹೇಳಿದ್ರು, "ಒಂದು ಕಡೆ ಹಿಡ್ಕೊಳ್ಳಿ, ಆ ಕಡೆ ಚೆನ್ನಾಗಿ ನೋಡಿ, ಉಳಿದಿದ್ದು ಇನ್ನೊಂದ್ಸಲ ಬಂದು ನೋಡಿ" ಅಂತ. ಬಿಸಿನೆಸ್ ಮಾತು ಅಂತ ಅನ್ನಿಸ್ಲಿಲ್ಲ, ಮತ್ತೆ ಅದು ನೂರಕ್ಕೆ ನೂರು ಸರಿ.

ಮನೆ ಕಾಫಿ ತೋಟದ ಮಧ್ಯೆ ಇದೆ. ಜಗಲಿ ಮೇಲೆ ಕೂತ್ರೆ ಎದುರಿಗೇ ತಡಿಯಂಡಮೋಳ್ ಸಾಲು. 1,748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. ಕೆಳಗೆ ತಗ್ಗಲ್ಲಿ ಭತ್ತದ ಗದ್ದೆ, ಅದರ ಮೇಲೆ ಇಳಿಜಾರಲ್ಲಿ ಕಾಫಿ, ಮರಕ್ಕೆಲ್ಲಾ ಕಾಳುಮೆಣಸಿನ ಬಳ್ಳಿ, ಅದಕ್ಕೂ ಮೇಲೆ ಕಾಡು, ತುದೀಲಿ ಬರೀ ಹುಲ್ಲು. ನನ್ನ ಕಸಿನ್ ಕೇಳ್ದ, ಮೇಲ್ಗಡೆ ಮರ ಎಲ್ಲಾ ಕಡಿದು ಹಾಕಿದಾರಾ ಅಂಕಲ್ ಅಂತ. "ಇಲ್ಲಪ್ಪ, ಅದು ಹಿಂದಿಂದ್ಲೂ ಹುಲ್ಲೇ. ಅಲ್ಲಿ ಮಣ್ಣು ತೆಳು, ಗಾಳಿ ಜಾಸ್ತಿ, ಮರ ನಿಲ್ಲೋದು ಬೆಟ್ಟದ ಮಡಿಕೆ ಒಳಗೆ ಮಾತ್ರ" ಅಂದ್ರು. ಆ ಮಡಿಕೆಯಲ್ಲಿರೋ ಕಾಡೇ ಶೋಲಾ. ಮಳೆ ನೀರನ್ನ ಹುಲ್ಲು, ಶೋಲಾ ಎರಡೂ ಹಿಡಿದಿಟ್ಕೊಂಡು ನಿಧಾನಕ್ಕೆ ಬಿಡೋದ್ರಿಂದ್ಲೇ ಮಳೆ ನಿಂತು ತಿಂಗಳಾದ್ಮೇಲೂ ಕೆಳಗೆ ತೊರೆ ಹರೀತಾ ಇರತ್ತೆ. ಅಂಕಲ್ ಜೊತೆ ತೋಟ ಸುತ್ತೋ ಆ ವಾಕ್ ಇದೆಯಲ್ಲ, ಅದಕ್ಕೆ ಬೇರೆ ದುಡ್ಡೂ ತಗೊಳ್ಳಲ್ಲ, ನನ್ನ ಕೇಳಿದ್ರೆ ಇಡೀ ಸ್ಟೇಲಿ ಬೆಸ್ಟ್ ಅದೇ. ರೋಬಸ್ಟಾ ಗಿಡ ಯಾವ್ದು, ಅರೇಬಿಕಾ ಯಾವ್ದು, ಮಾರ್ಚ್-ಏಪ್ರಿಲಲ್ಲಿ ಒಂದು ಒಳ್ಳೆ ಮಳೆ ಬಿದ್ರೆ ಹೇಗೆ ತೋಟ ಪೂರ್ತಿ ಒಟ್ಟಿಗೆ ಬೆಳ್ಳಗೆ ಹೂ ಬಿಡತ್ತೆ, ಆ ಮಳೆ ಕೈಕೊಟ್ರೆ ಸ್ಪ್ರಿಂಕ್ಲರಿಗೆ ಎಷ್ಟು ಡೀಸೆಲ್ ಸುಡ್ಬೇಕು, ಎಲ್ಲಾ ಹೇಳ್ತಾರೆ, ಬಾಯಿಪಾಠ ಒಪ್ಪಿಸೋ ಗೈಡ್ ತರ ಅಲ್ಲ, ಅವರ ಬದುಕೇ ಅದು.

ಊಟದ ಬಗ್ಗೆ ಹೇಳ್ಲೇಬೇಕು. ಆಂಟಿ ಕೈ ಅಡುಗೆ. ಕಡಂಬುಟ್ಟು ಅಂದ್ರೆ ಅಕ್ಕಿ ತರಿ ಕಡುಬು, ನೂಲ್ಪುಟ್ಟು ಅಂದ್ರೆ ಒತ್ತು ಶಾವಿಗೆ, ಅಕ್ಕಿ ರೊಟ್ಟಿ, ಪಂದಿ ಕರಿ ಅಂದ್ರೆ ಹಂದಿ ಮಾಂಸದ ಸಾರು. ಪಂದಿ ಕರಿಗೆ ಆ ಕಪ್ಪು ಬಣ್ಣ, ಆ ಹುಳಿ ಬರೋದು ಕಾಚಂಪುಳಿಯಿಂದ, ಅಂದ್ರೆ ಹುಳಿ ಹಣ್ಣಿನ ರಸ ಕುದಿಸಿ ಗಟ್ಟಿ ಮಾಡಿದ ಕಪ್ಪು ಹುಳಿಯಿಂದ, ಪೇಟೆ ಹೋಟೆಲಲ್ಲಿ ಎಷ್ಟೋ ಕಡೆ ನಿಂಬೆಹಣ್ಣು ಇಲ್ಲಾಂದ್ರೆ ವಿನೆಗರ್ ಹಾಕಿ ಮುಗಿಸ್ತಾರೆ, ಇಲ್ಲಿ ಹಾಗಿಲ್ಲ, ಬಾಯಿಗೆ ಇಟ್ಟ ಕೂಡ್ಲೇ ಗೊತ್ತಾಗತ್ತೆ. ನಮ್ಮ ಜೊತೆ ಅಮ್ಮ ಇದ್ರು, ಅವ್ರು ಪೂರ್ತಿ ವೆಜ್. ಅವ್ರಿಗೆ ಬೇರೆ ಪಾತ್ರೇಲಿ ಬೈಂಬಳೆ ಅಂದ್ರೆ ಎಳೆ ಬಿದಿರಿನ ಕರಿ ಮಾಡಿಕೊಟ್ರು, "ಅಮ್ಮ ನೀವು ಸಂಕೋಚ ಮಾಡ್ಬೇಡಿ" ಅಂತ ಪಕ್ಕದಲ್ಲೇ ಕೂತು ಬಡಿಸಿದ್ರು. ಬೆಳಗಿನ ತಿಂಡಿ ಮಾತ್ರ ಸ್ವಲ್ಪ ಲೇಟ್, ಟ್ರೆಕ್ಕಿಗೆ ಬೇಗ ಹೊರಡೋರು ಹಿಂದಿನ ರಾತ್ರಿನೇ ಹೇಳಿಟ್ಟಿರಿ.

ಸುತ್ತಮುತ್ತ ನೋಡೋಕೆ ಏನಿದೆ ಅಂದ್ರೆ, ಮೊದಲು ನಾಲ್ಕುನಾಡು ಅರಮನೆ. 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಸೋಕೆ ಶುರು ಮಾಡಿದ್ದು. ಅರಮನೆ ಅಂದ ತಕ್ಷಣ ಮೈಸೂರು ಅರಮನೆ ನೆನೆಸ್ಕೊಂಡು ಹೋದ್ರೆ ನಿರಾಸೆ ಆಗತ್ತೆ, ಇದು ಕಾಡಂಚಲ್ಲಿ ಇರೋ ಎರಡಂತಸ್ತಿನ ಮನೆ, ಮರದ ಕೆತ್ತನೆ, ಗೋಡೆ ಮೇಲೆ ಹಳೇ ಚಿತ್ರ. ಬೆಟ್ಟದ ಬುಡದಲ್ಲಿ ಯಾಕೆ ಕಟ್ಸಿದ್ರು ಅಂತ ಅಲ್ಲಿ ನಿಂತು ಸುತ್ತ ನೋಡಿದ್ರೆ ಅರ್ಥ ಆಗತ್ತೆ, ಸೈನ್ಯ ಸುಲಭಕ್ಕೆ ನುಗ್ಗೋ ಜಾಗ ಅಲ್ಲ. 1834ರಲ್ಲಿ ಬ್ರಿಟಿಷರು ಕೊಡಗಿಗೆ ನುಗ್ಗಿದಾಗ ಕೊನೇ ರಾಜ ಚಿಕ್ಕವೀರರಾಜೇಂದ್ರ ಬಂದು ಆಶ್ರಯ ಪಡೆದಿದ್ದು ಇಲ್ಲೇ. ತಡಿಯಂಡಮೋಳ್ ಟ್ರೆಕ್ ಶುರುವಾಗೋದೂ ಈ ಅರಮನೆ ಹತ್ರದಿಂದ್ಲೇ. ಟಿಕೆಟ್ ಮೊದಲೇ ಅರಣ್ಯ ಇಲಾಖೆ ವೆಬ್‌ಸೈಟಲ್ಲಿ ಬುಕ್ ಮಾಡ್ಕೊಂಡು ಹೋಗಿ, ಅಲ್ಲಿಗೆ ಹೋಗಿ ತಗೊಳ್ಳೋಣ ಅಂತ ಇದ್ರೆ ವಾಪಸ್ ಬರ್ಬೇಕಾಗತ್ತೆ. ಕೊನೆ ಏರು ಕಡಿದಾಗಿದೆ, ಮೇಲೆ ನೆರಳಿಲ್ಲ, ನೀರು ಜಾಸ್ತಿ ಇಟ್ಕೊಳ್ಳಿ. ಮೋಡ ಇಲ್ದೇ ಇದ್ರೆ ಪಶ್ಚಿಮಕ್ಕೆ ಕೇರಳದ ಕಡೆ ಬೆಟ್ಟ ಸಾಲುಸಾಲಾಗಿ ಇಳಿದು ಹೋಗೋದು ಕಾಣತ್ತೆ.

ಪಾಡಿ ಇಗ್ಗುತಪ್ಪ ದೇವಸ್ಥಾನ ಕಕ್ಕಬ್ಬೆಲೇ ಇದೆ. ಕೊಡವರಿಗೆ ಮಳೆ-ಬೆಳೆ ದೇವರು, ಪುತ್ತರಿ ಅನ್ನೋ ಸುಗ್ಗಿ ಹಬ್ಬದ ಮುಹೂರ್ತ ಗೊತ್ತು ಮಾಡೋದೂ ಇಲ್ಲಿಂದ್ಲೇ. ಟೂರಿಸ್ಟ್ ಸ್ಪಾಟ್ ತರ ನೋಡ್ದೆ ಸುಮ್ನೆ ಹೋಗಿ ಕೈಮುಗಿದು ಬನ್ನಿ.

ಚೇಲಾವರ ಜಲಪಾತ ದೂರದಿಂದ ನೋಡಿ, ನೀರಿಗೆ ಇಳೀಬೇಡಿ. ಕೆಳಗಿನ ಗುಂಡಿ ಆಳ ಗೊತ್ತಾಗಲ್ಲ, ಬಂಡೆ ಪಾಚಿ ಕಟ್ಟಿರತ್ತೆ, ಅಲ್ಲಿ ಜನ ಮುಳುಗಿ ಸತ್ತಿದಾರೆ. ಅಂಕಲ್ ಇದನ್ನ ಪ್ರತಿ ಗೆಸ್ಟಿಗೂ ಕೂರಿಸಿ ಹೇಳ್ತಾರಂತೆ.

ಅವರಿಂದ ಗೊತ್ತಾದ ಇನ್ನೊಂದು ವಿಷಯ ಮಳೆ ಲೆಕ್ಕ. ಈ ಪಶ್ಚಿಮದ ಅಂಚಲ್ಲಿ, ಭಾಗಮಂಡಲದ ಕಡೆ, ವರ್ಷಕ್ಕೆ 5,000 ಮಿಲಿಮೀಟರ್ ದಾಟಿ ಸುರಿಯತ್ತೆ, ಅದೇ ಪೂರ್ವಕ್ಕೆ ಕುಶಾಲನಗರಕ್ಕೆ ಹೋದ್ರೆ ಅದರಲ್ಲಿ ಒಂದು ಸಣ್ಣ ಪಾಲು ಅಷ್ಟೇ, ಮೋಡ ಘಟ್ಟಕ್ಕೆ ಬಡಿದು ಇಲ್ಲೇ ಖಾಲಿ ಆಗತ್ತೆ. ತಲಕಾವೇರಿ ಇರೋದು 1,276 ಮೀಟರ್ ಎತ್ತರದಲ್ಲಿ, ಅರಬ್ಬಿ ಸಮುದ್ರ ಅಲ್ಲಿಂದ ಅಷ್ಟು ಹತ್ರ ಇದ್ರೂ ಕಾವೇರಿ ಆ ಕಡೆ ತಿರುಗದೇ ಸುಮಾರು 800 ಕಿಲೋಮೀಟರ್ ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿ ಸೇರ್ತಾಳೆ. ಜಗಲಿ ಮೇಲೆ ಕೂತು ಮಳೆ ಶಬ್ದ ಕೇಳ್ತಾ ಇದನ್ನ ಕೇಳಿದ್ರೆ ಅದು ತಲೇಲಿ ಕೂರೋದೇ ಬೇರೆ ತರ.

ಇನ್ನು ಕಂಪ್ಲೇಂಟ್. ಕೊನೇ ದಾರಿ ಮಣ್ಣು ರಸ್ತೆ, ತಗ್ಗಿನ ಕಾರು ಇದ್ರೆ ಅಡಿಗೆ ಉಜ್ಜತ್ತೆ, ಇದನ್ನ ಬುಕಿಂಗ್ ಟೈಮಲ್ಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ಕರೆಂಟ್ ಹೋಗತ್ತೆ, ಯುಪಿಎಸ್ ಬರೀ ಲೈಟಿಗೆ ಸಾಕಾಗತ್ತೆ, ಗೀಸರಿಗಲ್ಲ, ಆದ್ರೆ ಸೌದೆ ಒಲೆ ಹಂಡೆ ಇರೋದ್ರಿಂದ ಬೆಳಿಗ್ಗೆ ಬಿಸಿನೀರಿಗೆ ತೊಂದರೆ ಇಲ್ಲ. ನೆಟ್‌ವರ್ಕ್ ಅಂಗಳದ ಒಂದು ಮೂಲೇಲಿ ಮಾತ್ರ ಸಿಗತ್ತೆ, ವರ್ಕ್ ಫ್ರಂ ಹೋಂ ಪ್ಲಾನ್ ಇದ್ರೆ ಬಿಟ್ಬಿಡಿ. ಬಾತ್‌ರೂಮ್ ಒಂದರಲ್ಲಿ ಬಾಗಿಲ ಚಿಲಕ ಸರಿ ಇರ್ಲಿಲ್ಲ, ಹೇಳಿದ್ಮೇಲೆ ಅವತ್ತೇ ರಿಪೇರಿ ಮಾಡಿಸಿದ್ರು.

ಯಾವಾಗ ಹೋಗ್ಬೇಕು ಅಂತ ಕೇಳೋರಿಗೆ, ಅಕ್ಟೋಬರ್ ಕೊನೆಯಿಂದ ಫೆಬ್ರವರಿ ತನಕ ಆರಾಮ. ಜುಲೈ-ಆಗಸ್ಟ್ ಬೇಡ. 2018ರ ಆಗಸ್ಟಲ್ಲಿ ಮಡಿಕೇರಿ ಸುತ್ತ ಗುಡ್ಡ ಕುಸಿದಿದ್ದು, 2020ರಲ್ಲಿ ತಲಕಾವೇರಿ ಬ್ರಹ್ಮಗಿರಿ ಕುಸಿದಿದ್ದು ಇಲ್ಲಿನವರು ಇನ್ನೂ ಮರೆತಿಲ್ಲ, ಜೋರು ಮಳೆ ಇರೋ ವಾರ ಅಂಕಲ್ ತಾವಾಗೇ ಬುಕಿಂಗ್ ಕ್ಯಾನ್ಸಲ್ ಮಾಡಿ ದುಡ್ಡು ವಾಪಸ್ ಹಾಕ್ತಾರೆ, ಈ ಒಂದು ಕಾರಣಕ್ಕೇ ನಾನು ಅವರಿಗೆ ಪೂರ್ತಿ ಸ್ಟಾರ್ ಕೊಡ್ತೀನಿ. ಜೂನ್ ಮೊದಲಲ್ಲಿ ಹೋದ್ರೆ ಇಂಬಳಕ್ಕೆ (ಜಿಗಣೆ) ಉಪ್ಪು, ಉದ್ದ ಸಾಕ್ಸ್ ಇರ್ಲಿ.

ಜಿಲ್ಲೇಲಿ ರೈಲು ಇಲ್ಲ, ಮೈಸೂರು ತನಕ ರೈಲಲ್ಲಿ ಬಂದು ಅಲ್ಲಿಂದ ವಿರಾಜಪೇಟೆ ಬಸ್ ಹಿಡೀಬಹುದು. ವಿರಾಜಪೇಟೆಯಿಂದ ಮೊದಲೇ ಹೇಳಿದ್ರೆ ಅಂಕಲ್ ಪರಿಚಯದ ಜೀಪಿನವರನ್ನ ಕಳಿಸ್ತಾರೆ, ಕತ್ತಲಾಗೋಕೆ ಮುಂಚೆ ತಲುಪೋ ಹಾಗೆ ಹೊರಡಿ, ಆ ರಸ್ತೇಲಿ ರಾತ್ರಿ ಆನೆ ಓಡಾಡತ್ತೆ.