ಹವ್ಯಾಸಕ್ಕೆ ಜಪಾನಿಯೋ, ಸ್ಪ್ಯಾನಿಷೋ, ಜರ್ಮನ್ನೋ?

ಈ ಮೂರರಲ್ಲಿ ಯಾವುದನ್ನು ಮೊದಲು ಹಿಡಿಯಲಿ ಎಂದು ಕೇಳಿದ್ದೀರಿ. ಖುಷಿಗಾಗಿ ಕಲಿಯುವುದಾದ್ದರಿಂದ ಕೆಲಸ, ವೀಸಾದ ಮಾತು ಬೇಡ.

ಮೊದಲು ಓದು-ಬರಹ. ಸ್ಪ್ಯಾನಿಷ್ ಅನ್ನು ಹೆಚ್ಚುಕಡಿಮೆ ಬರೆದಂತೆಯೇ ಓದಬಹುದು. ಜರ್ಮನ್ನೂ ಅಷ್ಟೇನೂ ಕಾಡದು. ಜಪಾನಿಯಲ್ಲಿ ಹಿರಾಗಾನ, ಕಾತಾಕಾನ ಎಂಬ ಎರಡು ಅಕ್ಷರಮಾಲೆ ಮುಗಿಸಿದರೂ ನಿತ್ಯಬಳಕೆಯ 2,136 ಕಾಂಜಿಗಳು, ಅಂದರೆ ಚೀನೀ ಮೂಲದ ಅಕ್ಷರಗಳು, ಬಾಕಿ ಇರುತ್ತವೆ.

ವ್ಯಾಕರಣಕ್ಕೆ ಬಂದರೆ ಲೆಕ್ಕವೇ ತಲೆಕೆಳಗು. ಜಪಾನಿಯ ‘ವಾತಾಶಿ ವಾ ಗೋಹಾನ್ ಓ ತಾಬೆಮಾಸ್’ ಅಂದರೆ ನಾನು ಅನ್ನವನ್ನು ತಿನ್ನುತ್ತೇನೆ. ಪದಗಳ ಸಾಲು ಅದೇ, ಕ್ರಿಯಾಪದ ಕೊನೆಗೆ, ನಮ್ಮ ‘ಅನ್ನು’ ಕೂರುವ ಜಾಗದಲ್ಲಿ ‘ಓ’. ಇಂಗ್ಲಿಷ್ ಮೂಲಕ ಯೋಚಿಸಲು ಹೋಗಿ ಈ ಲಾಭ ಕಳೆದುಕೊಳ್ಳಬೇಡಿ. ಜರ್ಮನ್‌ನ ನಾಲ್ಕು ವಿಭಕ್ತಿಗಳು ಏಳು ವಿಭಕ್ತಿ ಉರು ಹೊಡೆದ ನಮಗೆ ಹೊಸದಲ್ಲ; ಹುಡುಗಿಯನ್ನೂ ನಪುಂಸಕಲಿಂಗಕ್ಕೆ ಸೇರಿಸುವ ಅದರ ಲಿಂಗವ್ಯವಸ್ಥೆ ಮಾತ್ರ ತಲೆನೋವು. ಸ್ಪ್ಯಾನಿಷ್‌ನಲ್ಲಿ ಕಾಟ ಕೊಡುವುದು ಕ್ರಿಯಾಪದದ ರೂಪಗಳು.

ಖರ್ಚು? ಮೊಬೈಲ್ ಆ್ಯಪ್‌ನಲ್ಲಿ ಮೂರೂ ಪುಕ್ಕಟೆ ಶುರುವಾಗುತ್ತವೆ. ತರಗತಿಯೇ ಬೇಕೆಂದರೆ ಬೆಂಗಳೂರಿನಲ್ಲಿ ಜರ್ಮನ್‌ಗೆ ಮ್ಯಾಕ್ಸ್ ಮುಲ್ಲರ್ ಭವನವಿದೆ.

ಬೇಗ ಬಾಯಿಬಿಟ್ಟು ಮಾತಾಡಬೇಕು, ಮೆಕ್ಸಿಕೊದಿಂದ ಅರ್ಜೆಂಟೀನಾವರೆಗೆ ಗೆಳೆಯರು ಸಿಗಬೇಕು ಅನ್ನುವವರಿಗೆ ಸ್ಪ್ಯಾನಿಷ್. ಅನಿಮೆ (ಜಪಾನಿ ಕಾರ್ಟೂನ್) ಹುಚ್ಚಿದ್ದು, ದಿನಾ ಕಾಂಜಿ ತಿದ್ದುವ ತಾಳ್ಮೆಯೂ ಇದ್ದರೆ ಜಪಾನಿ. ಮೇಷ್ಟ್ರು, ಪರೀಕ್ಷೆ ಇಲ್ಲದಿದ್ದರೆ ಓದೇ ಸಾಗದವರಿಗೆ ಜರ್ಮನ್. ಎರಡನ್ನು ಒಟ್ಟಿಗೆ ಕಲಿಯುವ ಆಸೆಯೇ? ಸ್ಪ್ಯಾನಿಷ್-ಜಪಾನಿ ಜೋಡಿ ಒಂದರೊಳಗೊಂದು ಕಲಸಿಹೋಗುವುದಿಲ್ಲ. ಸ್ಪ್ಯಾನಿಷ್ ಜೊತೆಗೆ ಅದನ್ನೇ ಹೋಲುವ ಪೋರ್ಚುಗೀಸ್ ಮಾತ್ರ ಸದ್ಯಕ್ಕೆ ಬೇಡ.