ಓಡಿದ ಕುದುರೆಯ ಮೂಗಿನಲ್ಲಿ ರಕ್ತ ಬಂದರೆ ಅದು ‘ಉಷ್ಣ’ ಅಲ್ಲ: ಕುದುರೆ ಕೊಳ್ಳುವವರಿಗೆ ಎಚ್ಚರಿಕೆ

ಧಾರವಾಡ, ಗದಗ, ಹಾವೇರಿ ಕಡೆ ಕುದುರೆ ಸಾಕಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಜಾತ್ರೆ ಶರ್ಯತ್ತಿಗೆ ಅಂತ ರೇಸ್‌ನಿಂದ ನಿವೃತ್ತಿಯಾದ ಕುದುರೆ ಕೊಳ್ಳಲು ಹೊರಟಿದ್ದರಂತೂ ಮುಂಗಡ ಕೊಡುವ ಮೊದಲೇ ಓದಿ. ಜೋರಾಗಿ ಓಡಿ ಬಂದ ಕುದುರೆಯ ಮೂಗಿನಲ್ಲಿ ರಕ್ತ ಕಂಡರೆ ಅದು ಬಹುತೇಕ ಮೂಗಿನದ್ದಲ್ಲ, ಶ್ವಾಸಕೋಶದ್ದು. “ಉಷ್ಣ ಆಗೈತಿ, ಒಂದು ಇಂಜೆಕ್ಷನ್ ಕೊಡ್ತೀನಿ, ನಾಡಿದ್ದು ಓಡಸ್ರಿ” ಅನ್ನುವವರನ್ನು ಕುದುರೆ ಹತ್ತಿರ ಬಿಡಬೇಡಿ. ಅಂಥ ಒಬ್ಬನ ಕೈಯಲ್ಲಿ ನಮ್ಮ ಮನೆಯ ಕುದುರೆ ಸಾಯುವ ಹಂತಕ್ಕೆ ಹೋಗಿತ್ತು.

ನನ್ನ ತಮ್ಮ ಹುಬ್ಬಳ್ಳಿ ಹತ್ತಿರದ ನಮ್ಮ ಊರಿಗೆ ಒಂದು ಥರೋಬ್ರೆಡ್, ಅಂದರೆ ರೇಸಿಗೆಂದೇ ಬೆಳೆಸುವ ತಳಿಯ, ಹೆಣ್ಣು ಕುದುರೆ ತಂದ. ಮೈಬಣ್ಣ ನೋಡಿ ಕೆಂಚಿ ಅಂತ ಹೆಸರಿಟ್ಟೆವು. ಬೆಂಗಳೂರಿನಲ್ಲಿ ರೇಸ್ ಓಡಿದ ಕುದುರೆ, ಕಾಲು ಗಟ್ಟಿ, ವಯಸ್ಸು ಕಮ್ಮಿ ಅಂತ ದಲ್ಲಾಳಿ ಹೇಳಿದ್ದ. ಇಷ್ಟು ಚಲೋ ಕುದುರೆ ಯಾಕೆ ಬಿಟ್ಟರು ಅಂತ ತಮ್ಮ ಕೇಳಿಯೇ ಕೇಳಿದ. “ಮಾಲೀಕರಿಗೆ ರೊಕ್ಕದ ಅಡಚಣಿರೀ” ಅಂದ. ಪಾಸ್‌ಪೋರ್ಟ್ (ಕುದುರೆಯ ಗುರುತಿನ ದಾಖಲೆ) ಆಮೇಲೆ ಕಳಿಸುತ್ತೇನೆ ಅಂದವನು ಇವತ್ತಿಗೂ ಕಳಿಸಿಲ್ಲ. ನಿಜವಾದ ಕಾರಣ ನಮಗೆ ಗೊತ್ತಾಗಿದ್ದು ಕೆಂಚಿ ನೆಲಕ್ಕೆ ಕುಸಿದ ಮೇಲೆ.

ಮೊದಮೊದಲು ರಕ್ತ ಕಾಣಲೇ ಇಲ್ಲ. ಅರ್ಧ ದಾರಿ ಗಾಳಿಯ ಹಾಗೆ ಓಡುತ್ತಿದ್ದಳು, ಕೊನೆಯ ಹಂತದಲ್ಲಿ ಒಮ್ಮೆಲೇ ವೇಗ ಇಳಿಯುತ್ತಿತ್ತು. ನಿಂತ ಮೇಲೆ ಬಾಯಲ್ಲಿ ಏನೂ ಇಲ್ಲದಿದ್ದರೂ ಮತ್ತೆ ಮತ್ತೆ ನುಂಗುತ್ತಿದ್ದಳು. ಸಣ್ಣಗೆ ಕೆಮ್ಮುತ್ತಿದ್ದಳು. ಉಸಿರು ತಹಬಂದಿಗೆ ಬರಲು ಜಾಸ್ತಿ ಹೊತ್ತು ಹಿಡಿಯುತ್ತಿತ್ತು. ದಲ್ಲಾಳಿಗೆ ಫೋನ್ ಮಾಡಿದರೆ “ಹೊಸ ಊರಿನ ಧೂಳಿ, ರೂಢಿ ಆಗತೈತಿ” ಅಂದ. ಒಂದು ಬೆಳಿಗ್ಗೆ ಓಡಿ ಬಂದು ತಲೆ ಕೆಳಗೆ ಮಾಡಿ ಮೇಯಲು ನಿಂತಾಗ ಎರಡೂ ಹೊಳ್ಳೆಯಿಂದ ರಕ್ತ ಇಳಿಯಿತು.

ಆಗ ದಲ್ಲಾಳಿಯೇ ಒಬ್ಬನನ್ನು ಕಳಿಸಿಕೊಟ್ಟ. ಸುತ್ತಲಿನ ಊರುಗಳಲ್ಲಿ ಅವನಿಗೆ ‘ಕುದುರೆ ಡಾಕ್ಟರ್’ ಅಂತಲೇ ಹೆಸರು. ಡಿಗ್ರಿ ಇಲ್ಲ ಅನ್ನುವುದು ಆಮೇಲೆ ತಿಳಿದದ್ದು. ಬಂದವನೇ ಕೆಂಚಿಯ ತಲೆಯನ್ನು ಮೇಲಕ್ಕೆತ್ತಿ ಕಂಬಕ್ಕೆ ಕಟ್ಟಿದ. ಒಂದು ಹೊಳ್ಳೆಗೆ ಒದ್ದೆ ಬಟ್ಟೆ ತುರುಕಿದ. ಅವಳು ಒದ್ದಾಡಿದ್ದು ನೋಡಲಾಗದೆ ನನ್ನ ತಮ್ಮ ಬಟ್ಟೆ ಕಿತ್ತು ಬಿಸಾಕಿದ. ಇದನ್ನು ಯಾರೂ, ಯಾವತ್ತೂ ಮಾಡಬೇಡಿ. ಕುದುರೆ ನಮ್ಮ ಹಾಗೆ ಬಾಯಿಂದ ಉಸಿರಾಡಲಾರದು. ಅದಕ್ಕೆ ಮೂಗೊಂದೇ ದಾರಿ. ತಲೆ ಎತ್ತಿ ಕಟ್ಟಿದರೆ ಹೊರಗೆ ಬರಬೇಕಾದ ರಕ್ತ ಶ್ವಾಸಕೋಶದೊಳಗೇ ಉಳಿಯುತ್ತದೆ. ರಕ್ತ ಕಂಡ ಕೂಡಲೇ ಓಟ ನಿಲ್ಲಿಸಿ, ನೆರಳಿಗೆ ಕರೆದೊಯ್ಯಿರಿ, ತಲೆ ತಗ್ಗಿಸಲು ಬಿಡಿ, ಸುತ್ತ ಜನ ಸೇರಲು ಬಿಡಬೇಡಿ, ಪಶುವೈದ್ಯರಿಗೆ ಫೋನ್ ಮಾಡಿ. ಆ ಹೊತ್ತಿಗೆ ಅಷ್ಟೇ ಸಾಕು.

ಅವನು ಎರಡು ಇಂಜೆಕ್ಷನ್ ಕೊಟ್ಟ. ಒಂದು ರಕ್ತ ಹೆಪ್ಪುಗಟ್ಟಿಸಲು, ಇನ್ನೊಂದು ಉಷ್ಣ ಇಳಿಸಲು ಅಂದ. ಮಜ್ಜಿಗೆ ಕುಡಿಸಲು ಹೇಳಿದ. ಕೆಲವೇ ದಿನದಲ್ಲಿ ಶರ್ಯತ್ತು ಇತ್ತು. ಏನೂ ಆಗುವುದಿಲ್ಲ, ನಾನೇ ಬಂದು ನಿಲ್ಲುತ್ತೇನೆ ಅಂತ ಧೈರ್ಯ ತುಂಬಿದ. ಆ ದಿನ ಬೆಳಿಗ್ಗೆ ಬಂದು ಮತ್ತೆ ‘ಉಷ್ಣದ ಇಂಜೆಕ್ಷನ್’ ಚುಚ್ಚಿದ. ಹೊಟ್ಟೆ ಭಾರ ಆದರೆ ಓಡುವುದಿಲ್ಲ ಅಂತ ನೀರಿನ ಬಕೆಟ್ ಎತ್ತಿಟ್ಟ. ಕೆಂಚಿ ಮೇಲಿಂದ ಮೇಲೆ ಮೂತ್ರ ಮಾಡಿದಳು. “ನೋಡ್ರಿ, ಉಷ್ಣ ಹೊರಗ ಹೊಂಟೈತಿ” ಅಂದ.

ಬಿಸಿಲು ಏರಿದ ಮೇಲೆ ಓಟ ಶುರುವಾಯಿತು. ಅರ್ಧ ದಾಟುವುದರೊಳಗೆ ಕೆಂಚಿಯ ಕಾಲು ತಪ್ಪತೊಡಗಿತು. ಸವಾರ ಹುಡುಗ ತಕ್ಷಣ ಲಗಾಮು ಎಳೆದು ಇಳಿದ. ಅವನಿಗೆ ನಾವು ಯಾವತ್ತೂ ಋಣಿಗಳು. ಎರಡೂ ಹೊಳ್ಳೆಯಿಂದ ರಕ್ತ ಸುರಿಯುತ್ತಿತ್ತು. ಹಿಂಗಾಲು ನಡುಗಿ ಕುಸಿದಳು. ಕುದುರೆ ಡಾಕ್ಟರ್ ಅಷ್ಟರಲ್ಲಿ ಜಾಗ ಖಾಲಿ ಮಾಡಿದ್ದ. ಬಂದು ಉಳಿಸಿದವರು ಸರ್ಕಾರಿ ಪಶುವೈದ್ಯರು. ಅವನು ಎಸೆದು ಹೋಗಿದ್ದ ಬಾಟಲಿ ನೋಡಿ ಅವರು ಹೇಳಿದ್ದು: ಇದು ಉಷ್ಣದ ಔಷಧಿ ಅಲ್ಲ, ಲ್ಯಾಸಿಕ್ಸ್. ಅಂದರೆ ಫ್ಯೂರೋಸೆಮೈಡ್, ಮೈಯಲ್ಲಿನ ನೀರನ್ನು ಮೂತ್ರವಾಗಿ ಇಳಿಸುವ ಔಷಧಿ.

ಆಮೇಲೆ ಆ ವೈದ್ಯರು ಕೂತು ವಿವರಿಸಿದ್ದನ್ನೂ, ನಾನು ಓದಿ ತಿಳಿದದ್ದನ್ನೂ ಇಲ್ಲಿ ಹೇಳುತ್ತೇನೆ. ಈ ಕಾಯಿಲೆಗೆ ವೈದ್ಯರು ಇಐಪಿಎಚ್ ಅನ್ನುತ್ತಾರೆ. ಜೋರಾದ ಓಟದಿಂದ ಶ್ವಾಸಕೋಶದಲ್ಲಿ ಆಗುವ ರಕ್ತಸ್ರಾವ. ನಿಂತ ಕುದುರೆಯ ಎದೆ ನಿಮಿಷಕ್ಕೆ 30-40 ಸಲ ಬಡಿಯುತ್ತದೆ. ಪೂರ್ತಿ ವೇಗದಲ್ಲಿ ಅದು 220 ದಾಟುತ್ತದೆ. ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳದ ಒತ್ತಡ ವಿಶ್ರಾಂತಿಯಲ್ಲಿ 25-30 ಮಿಲಿಮೀಟರ್ (ಬಿಪಿ ಅಳೆಯುವ ಪಾದರಸದ ಲೆಕ್ಕ) ಇದ್ದದ್ದು ಓಟದಲ್ಲಿ 100ರ ಆಸುಪಾಸಿಗೆ ಏರುತ್ತದೆ. ಅಲ್ಲಿನ ಸಣ್ಣ ರಕ್ತನಾಳಗಳ ಗೋಡೆ ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಪಂಪ್‌ಸೆಟ್ಟಿನ ಒತ್ತಡಕ್ಕೆ ಹಳೆಯ ಪೈಪು ಸೀಳುವ ಹಾಗೆ ಅವು ಸೀಳುತ್ತವೆ. ಕುದುರೆಯ ರಕ್ತ ಹೆಪ್ಪುಗಟ್ಟುವುದರಲ್ಲಿ ದೋಷ ಇರುವುದಿಲ್ಲ. ಹಾಗಾಗಿ ಹೆಪ್ಪುಗಟ್ಟಿಸುವ ಇಂಜೆಕ್ಷನ್, ವಿಟಮಿನ್ ಕೆ, ಇವುಗಳಿಂದ ಉಪಯೋಗ ಆಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ.

ಉಷ್ಣದ ಮಾತು ನಮ್ಮ ಕಡೆ ಎಷ್ಟು ಬೇರೂರಿದೆ ಅಂದರೆ, ವೈದ್ಯರು ಹೇಳಿದ ಮೇಲೂ ನಮ್ಮ ಅಜ್ಜಿ ಒಪ್ಪಲಿಲ್ಲ. ಮಕ್ಕಳಿಗೆ ಬೇಸಿಗೆಯಲ್ಲಿ ಮೂಗಿನಿಂದ ರಕ್ತ ಬಂದರೆ ನಾವೆಲ್ಲ ಹಾಗೇ ಅನ್ನುತ್ತೇವಲ್ವಾ? ಆದರೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೇಸ್ ಕುದುರೆಗಳನ್ನು ಪರೀಕ್ಷೆ ಮಾಡಿದಾಗ, 20 ಡಿಗ್ರಿಗಿಂತ ತಂಪಿದ್ದಾಗ ಓಡಿದ ಕುದುರೆಗಳಲ್ಲೇ ಇದು ಜಾಸ್ತಿ ಕಂಡಿತ್ತು. ಇನ್ನು 18ನೇ ಶತಮಾನದ ಚಳಿ ದೇಶ ಇಂಗ್ಲೆಂಡಿನಲ್ಲೇ ಬಾರ್ಟ್ಲೆಟ್ಸ್ ಚೈಲ್ಡರ್ಸ್ ಅನ್ನುವ ಕುದುರೆಗೆ ರಕ್ತ ಸುರಿಸುವ ಚೈಲ್ಡರ್ಸ್ ಅಂತಲೇ ಅಡ್ಡಹೆಸರು ಇತ್ತು.

ನಾನು ಎಲ್ಲರಿಗೂ ಒತ್ತಿ ಹೇಳಬೇಕಾದ ಮಾತು ಇದು: ಮೂಗು ಒಣಗಿದೆ ಅಂದರೆ ಶ್ವಾಸಕೋಶ ಚೆನ್ನಾಗಿದೆ ಅಂತ ಅಲ್ಲ. ರಕ್ತ ಬರುವುದು ಶ್ವಾಸಕೋಶದ ಹಿಂದಿನ, ಮೇಲಿನ ತುದಿಯಿಂದ. ಅಲ್ಲಿಂದ ಶ್ವಾಸನಾಳ ಹತ್ತಿ ಮೂಗಿನವರೆಗೆ ಬರಬೇಕು. ಬಹಳಷ್ಟನ್ನು ಕುದುರೆ ನುಂಗಿಬಿಡುತ್ತದೆ. ಓಟ ಆದ ಮೇಲೆ ಎಂಡೋಸ್ಕೋಪ್ (ತುದಿಯಲ್ಲಿ ಕ್ಯಾಮೆರಾ ಇರುವ ಸಣ್ಣ ಕೊಳವೆ) ಮೂಗಿನಿಂದ ಒಳಗೆ ಬಿಟ್ಟು ನೋಡಿದರೆ ರೇಸ್ ಕುದುರೆಗಳಲ್ಲಿ ಅರ್ಧದಷ್ಟಕ್ಕೋ ಅದಕ್ಕಿಂತ ಜಾಸ್ತಿಗೋ ಒಳಗೆ ರಕ್ತ ಕಾಣುತ್ತದೆ. ಮೂಗಿನಲ್ಲಿ ರಕ್ತ ಬರುವುದು ನೂರಕ್ಕೆ ಕೆಲವಕ್ಕೆ ಮಾತ್ರ. ಸ್ವಲ್ಪ ಕಲೆ ಕಂಡ ಕೂಡಲೇ ಗಾಬರಿ ಬೇಡ. ಒಳಗೆ ಎಷ್ಟು ರಕ್ತ ಕಂಡಿತು ಅಂತ ನೋಡಿ ವೈದ್ಯರು 0ಯಿಂದ 4ರವರೆಗೆ ದರ್ಜೆ ಕೊಡುತ್ತಾರೆ. 1 ಬಂದರೆ ದೊಡ್ಡ ವಿಷಯ ಅಲ್ಲ. 3, 4 ಬಂದರೆ ಆ ಕುದುರೆಯನ್ನು ಶರ್ಯತ್ತಿಗೆ ಅಂತ ಕೊಳ್ಳಬಾರದು. ಮೂಗಿನಲ್ಲಿ ಕಾಣುವಷ್ಟು ಬಂತೆಂದರೆ ಒಳಗೆ ತುಂಬಾ ಆಗಿದೆ ಅಂತಲೇ ಲೆಕ್ಕ. ಆಸ್ಟ್ರೇಲಿಯಾದ ನಿಯಮದಲ್ಲಿ ಎರಡೂ ಹೊಳ್ಳೆಯಿಂದ ರಕ್ತ ಬಂದ ಕುದುರೆ ಮೂರು ತಿಂಗಳು ರೇಸ್ ಓಡುವಂತಿಲ್ಲ. ಎರಡನೇ ಸಲ ಬಂದರೆ ಜೀವಮಾನ ಪೂರ್ತಿ ನಿಷೇಧ. ನಮ್ಮ ಕೆಂಚಿಯನ್ನು ಕೆಲವೇ ದಿನದಲ್ಲಿ ಓಡಿಸಲು ಹೇಳಿದ್ದರು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಲ್ಯಾಸಿಕ್ಸ್ ಬಗ್ಗೆ ನ್ಯಾಯವಾಗಿ ಹೇಳಬೇಕು. ಅದು ಸುಳ್ಳು ಔಷಧಿ ಅಲ್ಲ. ಮೈಯಲ್ಲಿನ ನೀರು ಇಳಿಸಿ, ಶ್ವಾಸಕೋಶದ ಒತ್ತಡವನ್ನು ಸ್ವಲ್ಪ ತಗ್ಗಿಸಿ, ರಕ್ತಸ್ರಾವವನ್ನು ಕಮ್ಮಿ ಮಾಡುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇದೆ. ಅಮೆರಿಕದಲ್ಲಿ ಓಟಕ್ಕೆ ಸುಮಾರು ನಾಲ್ಕು ಗಂಟೆ ಮೊದಲು ವೈದ್ಯರು ಅಳತೆ ನೋಡಿ ರಕ್ತನಾಳಕ್ಕೆ ಕೊಡುವ ರೂಢಿ ಬೆಳೆದಿತ್ತು. ಬ್ರಿಟನ್, ಆಸ್ಟ್ರೇಲಿಯಾ, ಹಾಂಗ್‌ಕಾಂಗ್‌ಗಳಲ್ಲಿ ರೇಸ್ ದಿನ ಕೊಡುವಂತಿಲ್ಲ. ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟದ ಸ್ಪರ್ಧೆಗಳಲ್ಲೂ ನಿಷೇಧ. ಅದು ಗಾಯ ವಾಸಿ ಮಾಡುವುದಿಲ್ಲ, ಆ ಒಂದು ಓಟದ ಮಟ್ಟಿಗೆ ಮಾತ್ರ. ಕುದುರೆಯ ಮೈಯಿಂದ ಸುಮಾರು ಹತ್ತು ಲೀಟರ್ ನೀರು, ಜೊತೆಗೆ ಪೊಟ್ಯಾಶಿಯಂನಂಥ ಲವಣ ಹೊರಟುಹೋಗುತ್ತದೆ. ಅದರ ಮೇಲೆ ನಮ್ಮ ಬಯಲುಸೀಮೆ ಬಿಸಿಲಿನಲ್ಲಿ ಬೆವರು, ಅದರ ಮೇಲೆ ನೀರು ಬಂದ್. ಕೆಂಚಿ ಕುಸಿದದ್ದು ರಕ್ತದಿಂದ ಎಷ್ಟೋ, ನೀರು ಬತ್ತಿದ್ದರಿಂದಲೂ ಅಷ್ಟೇ ಅಂತ ವೈದ್ಯರು ಹೇಳಿದರು.

ಕುದುರೆ ನೋಡಲು ಹೋದಾಗ ಏನು ಕೇಳಬೇಕು? ಪಾಸ್‌ಪೋರ್ಟ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ನಮ್ಮ ದೇಶದ ಥರೋಬ್ರೆಡ್‌ಗಳ ದಾಖಲೆ ಇಡುವ ಸ್ಟಡ್ ಬುಕ್ ಅಥಾರಿಟಿ ಪುಣೆಯಲ್ಲಿದೆ. ಪ್ರತಿ ಕುದುರೆಗೂ ಪಾಸ್‌ಪೋರ್ಟ್, ಕುತ್ತಿಗೆಯಲ್ಲಿ ಮೈಕ್ರೋಚಿಪ್ ಇರುತ್ತದೆ. ಚಿಪ್ ನಂಬರ್ ಪಾಸ್‌ಪೋರ್ಟಿನ ಜೊತೆ ತಾಳೆ ನೋಡಿ. ರೇಸ್ ಹೆಸರು ಸಿಕ್ಕರೆ ಅದು ಯಾವಾಗ, ಎಷ್ಟು ಓಡಿತ್ತು, ಯಾವಾಗ ನಿಂತಿತು ಅನ್ನುವುದು ಸಿಗುತ್ತದೆ. ನಡುವೆ ತಿಂಗಳುಗಟ್ಟಲೆ ಖಾಲಿ ಇದ್ದರೆ ಯಾಕೆ ಅಂತ ಕೇಳಿ. ಕೆಂಚಿಯ ಹಳೆಯ ಹೆಸರು ಪತ್ತೆ ಮಾಡಿ ವಿಚಾರಿಸಿದಾಗ, ರೇಸ್‌ನಲ್ಲಿದ್ದಾಗಲೇ ರಕ್ತ ಬಂದಿತ್ತು ಅಂತ ಅವಳನ್ನು ನೋಡಿಕೊಳ್ಳುತ್ತಿದ್ದವರೇ ಹೇಳಿದರು.

ಆಮೇಲೆ ನಿಮ್ಮ ಕಣ್ಣೆದುರಿಗೆ ಪೂರ್ತಿ ವೇಗದಲ್ಲಿ ಓಡಿಸಲು ಹೇಳಿ. ಓಡಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಎಂಡೋಸ್ಕೋಪಿ ಆಗಬೇಕು. ಲಾಯದಲ್ಲಿ ನಿಂತ ಕುದುರೆಗೆ ಮಾಡಿಸಿ “ಏನೂ ಇಲ್ಲ” ಅಂತ ತೋರಿಸಿದರೆ ಅದಕ್ಕೆ ಬೆಲೆ ಇಲ್ಲ. ಎಂಡೋಸ್ಕೋಪ್ ಎಲ್ಲ ಕಡೆ ಸಿಗುವುದಿಲ್ಲ. ಗದಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಮೊದಲು ವಿಚಾರಿಸಿ, ಎಲ್ಲಿ ಮಾಡಿಸಬೇಕೆಂದು ಕೇಳಿ. ಬೆಂಗಳೂರಿನಲ್ಲೇ ಕುದುರೆ ಕೊಳ್ಳುವುದಾದರೆ ಅಲ್ಲೇ ಮಾಡಿಸಿ ತನ್ನಿ. ಇನ್ನೊಂದು ವಿಷಯ: ಪರೀಕ್ಷೆಯ ಓಟಕ್ಕೆ ಮೊದಲು ಮಾರುವವನೇ ಲ್ಯಾಸಿಕ್ಸ್ ಕೊಟ್ಟಿರಬಹುದು. ಬೆಳಿಗ್ಗೆಯಿಂದ ನಿಮ್ಮವರೊಬ್ಬರು ಕುದುರೆ ಪಕ್ಕ ಇರಲಿ. ನೀರು ಮುಂದಿಡಿ. ಮಿತಿಮೀರಿ ಮೂತ್ರ ಮಾಡುತ್ತಿದ್ದರೆ ಅವತ್ತಿನ ಪರೀಕ್ಷೆ ಬಿಡಿ.

ಈಗಾಗಲೇ ರಕ್ತ ಬರುವ ಕುದುರೆ ನಿಮ್ಮ ಹತ್ತಿರ ಇದ್ದರೆ ಮೊದಲು ವಿಶ್ರಾಂತಿ ಕೊಡಿ. ವಾರಗಳ ಲೆಕ್ಕದಲ್ಲಿ, ಜೋರಾಗಿ ಬಂದಿದ್ದರೆ ತಿಂಗಳುಗಳ ಲೆಕ್ಕದಲ್ಲಿ. ಒಳಗೆ ಉಳಿದ ರಕ್ತ ಶ್ವಾಸಕೋಶವನ್ನು ಕೆರಳಿಸುತ್ತದೆ, ಕಲೆ ಕಟ್ಟುತ್ತದೆ. ಮತ್ತೆ ಓಡಿಸುವುದಾದರೆ ನಡಿಗೆಯಿಂದ ಶುರು ಮಾಡಿ. ಧೂಳಿನ ವಿಷಯದಲ್ಲಿ ನಮ್ಮ ಕಡೆ ಜಾಸ್ತಿ ಎಚ್ಚರ ಬೇಕು. ಶೇಂಗಾ ಹೊಟ್ಟು, ಕಡಲೆ ಹೊಟ್ಟು, ಜೋಳದ ಕಣಿಕೆ ಒಣಗಿದ್ದಾಗ ಕೊಟ್ಟರೆ ಕುದುರೆ ಧೂಳನ್ನೇ ಉಸಿರಾಡುತ್ತದೆ. ನೀರಲ್ಲಿ ನೆನೆಸಿ ಕೊಡಿ, ಬೂಸ್ಟು ಹಿಡಿದದ್ದನ್ನು ಕೊಡಲೇಬೇಡಿ. ಗಾಳಿ ಆಡದ ಕೋಣೆ, ಮೂತ್ರದ ಘಾಟು, ಒಲೆ ಹೊಗೆ ಇವೆಲ್ಲ ಉಸಿರಿನ ದಾರಿಯನ್ನು ಕೆಡಿಸುತ್ತವೆ. ಇದರಿಂದ ಕಾಯಿಲೆ ಪೂರ್ತಿ ಹೋಗುತ್ತದೆ ಅಂತಲ್ಲ, ಉಸಿರಿನ ಮೇಲಿನ ಭಾರ ಕಮ್ಮಿ ಆಗುತ್ತದೆ.

ಒಂದೇ ಹೊಳ್ಳೆಯಿಂದ ರಕ್ತ, ಅದರಲ್ಲೂ ಓಡದೆ ಸುಮ್ನೆ ನಿಂತಾಗ ಬಂದರೆ ವಿಷಯವೇ ಬೇರೆ. ಕುದುರೆಯ ಗಂಟಲಿನ ಪಕ್ಕದ ಗಾಳಿಚೀಲದಲ್ಲಿ ಶಿಲೀಂಧ್ರ ಬೆಳೆದು ದೊಡ್ಡ ರಕ್ತನಾಳವನ್ನು ಕೊರೆಯುವ ಕಾಯಿಲೆ ಇದೆ. ಮೊದಲ ಸಲ ಸ್ವಲ್ಪ ಬಂದು ನಿಲ್ಲುತ್ತದೆ, ಮುಂದೊಂದು ಸಲ ಜೀವವನ್ನೇ ತೆಗೆಯಬಹುದು. ಅಂಥದ್ದು ಕಂಡರೆ ಅವತ್ತೇ ವೈದ್ಯರನ್ನು ಕರೆಸಿ. ಹತ್ತಿರ ಯಾರೂ ಸಿಗದಿದ್ದರೆ 1962ಕ್ಕೆ ಫೋನ್ ಮಾಡಿ, ಅದು ಪಶು ಇಲಾಖೆಯ ಸಹಾಯವಾಣಿ.

ಕೆಂಚಿ ಬದುಕಿದ್ದಾಳೆ. ಇನ್ನು ಓಡುವುದಿಲ್ಲ. ಬೆಳಿಗ್ಗೆ ತಮ್ಮನ ಜೊತೆ ಹೊಲದ ದಾರಿಯಲ್ಲಿ ನಡೆದು ಬರುತ್ತಾಳೆ, ಅಷ್ಟೇ. ದಲ್ಲಾಳಿ ಫೋನ್ ಮಾಡಿ, ಅರ್ಧ ರೇಟಿಗೆ ವಾಪಸ್ ಕೊಡಿ, ಹಾವೇರಿ ಕಡೆ ಗಿರಾಕಿ ಇದ್ದಾರೆ ಅಂದ. ಕೊಡಲಿಲ್ಲ, ಕೊಡುವುದೂ ಇಲ್ಲ. ಆದರೆ ಅವನ ಹತ್ತಿರ ಇಂಥ ಬೇರೆ ಕುದುರೆಗಳಿವೆ, ಈ ಹಂಗಾಮಿನಲ್ಲೂ ಮಾರುತ್ತಿದ್ದಾನೆ. ಕಾಲು, ಹಲ್ಲು, ಮೈಹೊಳಪು ಎಲ್ಲ ತೋರಿಸುತ್ತಾನೆ. ಪಾಸ್‌ಪೋರ್ಟ್ ಮಾತ್ರ ಆಮೇಲೆ ಕಳಿಸುತ್ತೇನೆ ಅನ್ನುತ್ತಾನೆ.